ಕಣ್ಣಿನ ನೋವಿಗೆ ತಲೆಯ ಹಿಂದೆ ಚುಚ್ಚುಮದ್ದು

ನಡುರಾತ್ರಿ, ಹೆಚ್ಚುಕಡಿಮೆ ಅದೇ ಹೊತ್ತಿಗೆ, ನಿದ್ದೆಯಿಂದ ಎಬ್ಬಿಸುವ ತಲೆನೋವೊಂದಿದೆ. ಒಂದೇ ಕಣ್ಣಿನ ಸುತ್ತ ಕಾದ ಸಲಾಕೆ ಚುಚ್ಚಿದಂತೆ ನೋವು. ಕಣ್ಣು ಕೆಂಪೇರಿ ನೀರು ಸುರಿಯುತ್ತದೆ, ಅದೇ ಬದಿಯ ಮೂಗು ಕಟ್ಟುತ್ತದೆ. ಮೈಗ್ರೇನ್ ಬಂದವರು ಕತ್ತಲೆ ಕೋಣೆಯಲ್ಲಿ ಮಲಗಬಯಸುತ್ತಾರೆ. ಈ ರೋಗಿ ಮಲಗಲಾರ, ಅಂಗಳದಲ್ಲಿ ಶತಪಥ ತಿರುಗುತ್ತಾನೆ. ಕಾಲು ಗಂಟೆಯಿಂದ ಮೂರು ಗಂಟೆಯೊಳಗೆ ನೋವು ಮಾಯ. ಮರುರಾತ್ರಿ ಮತ್ತೆ ಹಾಜರು. ಹೀಗೆ ವಾರಗಟ್ಟಲೆ ಕಾಡಿ, ಆಮೇಲೆ ತಿಂಗಳುಗಟ್ಟಲೆ ಸುಳಿವಿರುವುದಿಲ್ಲ. ಇದೇ ಕ್ಲಸ್ಟರ್, ಅಂದರೆ ಗೊಂಚಲು ತಲೆನೋವು.

ನಮ್ಮ ಬಸವಕಲ್ಯಾಣ, ಹುಮನಾಬಾದ್ ಕಡೆಯ ಇಂಥ ರೋಗಿಗಳ ಕೈಚೀಲದಲ್ಲಿ ಸೈನಸ್ ಎಕ್ಸ್‌ರೇ, ಕನ್ನಡಕದ ಚೀಟಿ ಇದ್ದೇ ಇರುತ್ತವೆ. ಗಟ್ಟಿ ಹಲ್ಲನ್ನೇ ಕೀಳಿಸಿಕೊಂಡು ಬಂದವರನ್ನೂ ನೋಡಿದ್ದೇನೆ.

ಈ ನೋವಿನ ಸರಣಿಯನ್ನು ತಡೆಯಲು ಒಂದು ಚುಚ್ಚುಮದ್ದಿದೆ. ತಲೆಯ ಹಿಂಭಾಗದ ಆಕ್ಸಿಪಿಟಲ್ ನರ ಮತ್ತು ಮುಖದ ನೋವನ್ನು ಒಯ್ಯುವ ನರ, ಎರಡೂ ಕುತ್ತಿಗೆಯ ಮೇಲ್ತುದಿಯಲ್ಲಿ ಮಿದುಳುಬಳ್ಳಿಯ ಒಂದೇ ಠಾಣೆಗೆ ಸುದ್ದಿ ಮುಟ್ಟಿಸುತ್ತವೆ. ಹಿಂದಿನ ನರದ ಬಳಿ ಸ್ಟೀರಾಯ್ಡ್ ಕೊಟ್ಟರೆ ಮುಂದಿನ ಕಣ್ಣಿನ ನೋವು ತಗ್ಗುವುದು ಹೀಗೆ. ಜೊತೆಗೆ ಮರಗಟ್ಟಿಸುವ ಲಿಗ್ನೊಕೇನ್ ಬೆರೆಸುವುದು ರೂಢಿ. ಯುರೋಪಿನಲ್ಲಿ 2005 ಮತ್ತು 2011ರಲ್ಲಿ ಪ್ರಕಟವಾದ ಪರೀಕ್ಷೆಗಳು ಇದರ ಗುಣವನ್ನು ತೋರಿಸಿದವು. 2016ರಲ್ಲಿ ಅಮೆರಿಕದ ತಲೆನೋವು ತಜ್ಞರ ಸಂಘ ಇದನ್ನು ಮೇಲ್ದರ್ಜೆಯ ಶಿಫಾರಸಿನಲ್ಲಿ ಸೇರಿಸಿತು.

"ತಲೆಗೆ ಸೂಜಿಯೇ?" ಎಂದು ಮನೆಮಂದಿ ಬೆಚ್ಚುತ್ತಾರೆ. ಸೂಜಿ ಬುರುಡೆಯ ಹೊರಗೇ ಉಳಿಯುತ್ತದೆ, ಮಿದುಳಿನ ತಂಟೆಗೆ ಹೋಗುವುದಿಲ್ಲ. ಆದರೆ ರೋಗ ಬೇರುಸಮೇತ ಹೋಗುತ್ತದೆಂದು ತಿಳಿಯಬೇಡಿ. ಬಿಡುವು ಸಿಗುವುದು ಕೆಲವು ವಾರ. ಅಷ್ಟರಲ್ಲಿ ವೆರಪಾಮಿಲ್ ಮಾತ್ರೆ ಹಿಡಿತಕ್ಕೆ ಬರುತ್ತದೆ. ಆ ಮಾತ್ರೆಗೆ ಆಗಾಗ ಇಸಿಜಿ ನೋಡುತ್ತಿರಬೇಕು. ಚುಚ್ಚುಮದ್ದಿನ ನಂತರ ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆ ಏರಬಹುದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ಹೇಳಬೇಕು.

ಈ ಔಷಧಗಳು ದುಬಾರಿಯಲ್ಲ. ಖರ್ಚಾಗುವುದು ಸೊಲ್ಲಾಪುರ, ಹೈದರಾಬಾದುಗಳಿಗೆ ಅಲೆಯುವುದರಲ್ಲಿ, ಕೂಲಿ ತಪ್ಪುವುದರಲ್ಲಿ. ರೋಗವನ್ನು ನರರೋಗ ತಜ್ಞರೇ ಒಮ್ಮೆ ಗುರುತಿಸಲಿ, ಮಿದುಳಿನ ಸ್ಕ್ಯಾನ್ ಕೂಡ ಆಗಲಿ. ಆಮೇಲಿನ ಚುಚ್ಚುಮದ್ದು ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಬೇಕು ಎಂಬುದು ನನ್ನ ವಾದ. ಹೆರಿಗೆ ಶಸ್ತ್ರಕ್ರಿಯೆಗೆ ಬೆನ್ನಿಗೆ ಸೂಜಿ ಹಾಕುವ ಅರಿವಳಿಕೆ ವೈದ್ಯರಿಗೆ ಇದನ್ನು ಕಲಿಯುವುದು ಕಷ್ಟವಲ್ಲ. ನೋವು ಬಂದಾಗ ಮಾಸ್ಕಿನಿಂದ ಕೊಡಬೇಕಾದ ಆಮ್ಲಜನಕವಂತೂ ಆಸ್ಪತ್ರೆಯಲ್ಲಿ ಇದ್ದೇ ಇರುತ್ತದಲ್ಲ!

ಅಲ್ಲಿಯವರೆಗೆ, ನೋವು ಬಂದ ಗಂಟೆ, ಯಾವ ಕಣ್ಣು, ಎಷ್ಟು ಹೊತ್ತು ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ನೋವಿನ ದಿನಗಳು ಮುಗಿಯುವವರೆಗೆ ಮದ್ಯದ ಹನಿಯೂ ಬೇಡ. ಜ್ವರ, ಮಾತಿನ ತೊದಲು, ಕೈಕಾಲಿನ ಬಲಹೀನತೆ ಜೊತೆಗೂಡಿದರೆ ಮಾತ್ರ ಕ್ಯಾಲೆಂಡರ್ ಬಿಟ್ಟು ತಕ್ಷಣ ಆಸ್ಪತ್ರೆಗೆ ಹೊರಡಿ.