‘ನೂರು ವರ್ಷಕ್ಕೊಮ್ಮೆಯ ಮಳೆ’ ಎಂಬ ನೆಪ

2009ರ ಸೆಪ್ಟೆಂಬರ್ ಕೊನೆಯ ದಿನಗಳಲ್ಲಿ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯ ಮೇಲೆ ಕುಂಭದ್ರೋಣ ಮಳೆ ಸುರಿಯಿತು. ದೇಶವೇ ಬರ ಕಂಡ ವರ್ಷವದು. ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಅಸುನೀಗಿದರು. ನೂರು ವರ್ಷಕ್ಕೊಮ್ಮೆ ಬರುವ ಮಳೆಗೆ ಯಾರೇನು ಮಾಡಲಾದೀತು ಎಂಬ ಸಮಾಧಾನ ಆಗ ಎಲ್ಲೆಡೆ ಹಬ್ಬಿತು. ಹತ್ತೇ ವರ್ಷ ಕಳೆದು, 2019ರ ಆಗಸ್ಟಿನಲ್ಲಿ, ಮಲಪ್ರಭೆಯ ನೀರು ಪಟ್ಟದಕಲ್ಲಿನ ದೇಗುಲಗಳ ಅಂಗಳಕ್ಕೇ ನುಗ್ಗಿತು.

‘ನೂರು ವರ್ಷದ ಮಳೆ’ ಎಂದರೆ ಒಮ್ಮೆ ಬಂದರೆ ಮುಂದಿನ 99 ವರ್ಷ ನಿಶ್ಚಿಂತೆ ಎಂದಲ್ಲ. ಪ್ರತಿ ವರ್ಷವೂ ಅದು ಬರುವ ಸಂಭವ ನೂರಕ್ಕೆ ಒಂದು ಎಂದಷ್ಟೇ. 30 ವರ್ಷಗಳಲ್ಲಿ ಒಮ್ಮೆಯಾದರೂ ಬರುವ ಸಂಭವ ಶೇ. 26. ಐವತ್ತು ವರ್ಷದ ನೆರೆಗೆಂದು ಕಟ್ಟಿದ ಸೇತುವೆ ಐವತ್ತು ವರ್ಷ ನಿಂತರೆ, ಆ ಅವಧಿಯಲ್ಲಿ ಅದರ ಮಿತಿ ಮೀರುವ ಸಂಭವ ಶೇ. 64! ಈ ಅಪಾಯವನ್ನು ಆರಿಸುವವರು ಎಂಜಿನಿಯರರು, ಹೊರುವವರು ಹಳ್ಳದ ದಂಡೆಯ ಜನ.

ಆ ಅಂಕಿಯಾದರೂ ಹುಟ್ಟುವುದು ಹೇಗೆ? ಪ್ರತಿ ವರ್ಷದ ಅತಿ ಹೆಚ್ಚಿನ ಒಂದು ದಿನದ ಮಳೆಯನ್ನು ಆಯ್ದು, ಗುಂಬೆಲ್ ಮುಂತಾದವರ ಸೂತ್ರಕ್ಕೆ ಹೊಂದಿಸಿ, ಮೂವತ್ತು ನಲವತ್ತು ವರ್ಷಗಳ ದಾಖಲೆಯಿಂದ ನೂರು ವರ್ಷದ ಮಳೆಯನ್ನು ಊಹಿಸುತ್ತಾರೆ. ದಾಖಲೆ 2008ಕ್ಕೆ ನಿಂತಿದ್ದರೆ ಒಂದು ಉತ್ತರ, 2009 ಸೇರಿದರೆ ಮತ್ತೊಂದು. ಮೇಲಾಗಿ ‘ದಿನ’ವೆಂದರೆ ಬೆಳಗಿನ 8.30ರಿಂದ ಮರುದಿನದ 8.30. ನಸುಕಿನಲ್ಲಿ ಹಿಡಿದು ಮಧ್ಯಾಹ್ನ ಬಿಟ್ಟ ಮಳೆ ಪುಸ್ತಕದಲ್ಲಿ ಎರಡು ದಿನಕ್ಕೆ ಹಂಚಿಹೋಗಿ ಸಾಧಾರಣ ಮಳೆಯಂತೆ ಕಾಣುತ್ತದೆ. ಇದನ್ನು ಸರಿದೂಗಿಸುವ ಗುಣಕವುಂಟು. ಬಳಸಿದರೋ ಇಲ್ಲವೋ, ಅಂದಾಜುಪಟ್ಟಿಯನ್ನು ನೋಡಿಯೇ ತಿಳಿಯಬೇಕು. ಸಣ್ಣ ಹಳ್ಳವೊಂದು ಉಕ್ಕುವುದು ಇಡೀ ದಿನದ ಮಳೆಗಲ್ಲ, ಎರಡು ಮೂರು ಗಂಟೆಯ ಬಿರುಸಿಗೆ. ಬಾದಾಮಿಯ ಬಂಡೆಗುಡ್ಡಗಳು ನೀರನ್ನು ಇಂಗಿಸುವುದಿಲ್ಲ; ಪ್ರವಾಸಿಗರು ಚಿತ್ರ ತೆಗೆಯುವ ಅಕ್ಕ ತಂಗಿ ಜಲಪಾತವೇ ಅದಕ್ಕೆ ಸಾಕ್ಷಿ. ವರ್ಷಕ್ಕೆ 600 ಮಿ.ಮೀ. ಕೂಡ ದಾಟದ ಜಿಲ್ಲಾ ಸರಾಸರಿಯನ್ನು ನೋಡಿ ‘ಇದು ಬರದ ನಾಡು’ ಎಂದು ಮೋರಿಯ ಬಾಯಿ ಕಿರಿದುಗೊಳಿಸುವುದು ಎಂಥ ಜಾಣತನ?

ಘಟ್ಟದವರಾದ ನಮಗೂ ಇದರಲ್ಲಿ ಪಾಲಿದೆ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಾಡಿನಲ್ಲಿ, ಕೃಷ್ಣೆಯನ್ನು ಸೇರುವುದು ಕೂಡಲಸಂಗಮದಲ್ಲಿ. ನಡುವೆ ನವಿಲುತೀರ್ಥದ ಅಣೆಕಟ್ಟು. 2009ರಲ್ಲಿ ಬಯಲಿನ ಮೇಲೆಯೇ ಮಳೆ ಸುರಿಯಿತು. 2019ರಲ್ಲಿ ಘಟ್ಟದ ಮಳೆ ಅಣೆಕಟ್ಟನ್ನು ದಾಟಿ ಬಂತು. ಒಂದೇ ನದಿಗೆ ಎರಡು ಬಗೆಯ ನೆರೆ. ಬಾದಾಮಿಯ ಮಳೆಮಾಪಕವೊಂದನ್ನೇ ನಂಬಿದ ಲೆಕ್ಕಕ್ಕೆ ಎರಡನೆಯದು ಕಾಣುವುದೇ ಇಲ್ಲ. (ಕಾಡಿದ್ದರೆ ನೆರೆಯೇ ಬಾರದೆನ್ನುವ ನಮ್ಮ ಗೆಳೆಯರೂ ತುಸು ತಡೆಯಬೇಕು: ವಾರಗಟ್ಟಲೆ ನೆನೆದ ಮಣ್ಣು ಕಾಡಿನಲ್ಲಿಯೂ ಹೆಚ್ಚು ನೀರು ಹಿಡಿಯದು.) ಹಿಂದಿನ ಮಳೆಯಂತೆಯೇ ಮುಂದಿನದೂ ಇರುವುದೆಂಬ ನಂಬಿಕೆ ಆ ಸೂತ್ರಗಳ ಬುನಾದಿ. ಬಿಸಿಯಾದ ಗಾಳಿ ಹೆಚ್ಚು ನೀರಾವಿ ಹೊರುವ ಈ ಕಾಲದಲ್ಲಿ ಆ ಬುನಾದಿಯೇ ಅಲುಗುತ್ತಿದೆ.

ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿಯೂ ರಾಜ್ಯ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆ. ವಿದ್ಯಾರ್ಥಿಗಳು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ತಮ್ಮೂರ ಸೇತುವೆಯ ಲೆಕ್ಕಪತ್ರ ಕೇಳಲಿ: ಯಾವ ಮಾಪಕ, ಯಾವ ಯಾವ ವರ್ಷಗಳು, ಎಷ್ಟು ಗಂಟೆಯ ಮಳೆ, ಎಷ್ಟು ವರ್ಷದ ನೆರೆ? 2009 ಮತ್ತು 2019 ಅದರಲ್ಲಿ ಸೇರಿವೆಯೇ? ಉತ್ತರ ಬರುವುದರೊಳಗೆ, ಆ ಎರಡು ವರ್ಷ ನೀರು ಮುಟ್ಟಿದ ಎತ್ತರವನ್ನು ಹಿರಿಯರಿಂದ ಕೇಳಿ ಶಾಲೆಯ ಗೋಡೆಯ ಮೇಲೆ ಗೆರೆ ಎಳೆದಿಡಿ.