ಗುಳಿಗೆ ಕಿಟಕಿಯಾಚೆ, ರಕ್ತ ಎಲ್ಲಿಂದ ಬರಬೇಕು?

ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣಾಂಶದ ನೀಲಿ ಗುಳಿಗೆ ಎಷ್ಟೋ ಕಡೆ ಹೊಟ್ಟೆ ಸೇರದೆ ಕಿಟಕಿ ದಾಟುತ್ತೆ. ಮಕ್ಕಳನ್ನೇ ಬೈದು ಏನು ಫಲ ಸ್ವಾಮಿ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ನೋಡಿ. 2015–16ರಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 44.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. 2019–21ಕ್ಕೆ ಅದು ಶೇ. 47.8. ನಡುವೆ 2018ರಲ್ಲಿ ‘ರಕ್ತಹೀನತೆ ಮುಕ್ತ ಭಾರತ’ದ ಘೋಷಣೆಯೂ ಆಯಿತು. ಘೋಷಣೆ ಏರಿತು, ರಕ್ತ ಇಳಿಯಿತು!

ಖಾಲಿ ಹೊಟ್ಟೆಗೆ ಗುಳಿಗೆ ನುಂಗಿದರೆ ವಾಕರಿಕೆ ಬರಬಹುದು, ಮಲ ಕಪ್ಪಾಗುತ್ತೆ. ಇದು ಅಪಾಯವಲ್ಲ ಅಂತ ಮೊದಲೇ ಹೇಳದಿದ್ದರೆ ತಾಯಂದಿರು ಹೆದರುವುದು ಸಹಜ. ಬಿಸಿಯೂಟ ಆದ ಮೇಲೆ, ಮೇಷ್ಟ್ರ ಕಣ್ಣೆದುರೇ ನುಂಗಿಸಲಿ.

ಮನೆಯಲ್ಲೂ ಕೆಲಸವಿದೆ. ಸೊಪ್ಪು, ಕಾಳು, ರಾಗಿಯ ಕಬ್ಬಿಣ ಮೈಗೆ ಹತ್ತುವುದು ಕಮ್ಮಿ. ಸಾರಿಗೆ ನಿಂಬೆಹುಳಿ ಹಿಂಡಿದರೆ ಹೆಚ್ಚು ಹತ್ತುತ್ತೆ; ಉಂಡ ಕೂಡಲೇ ಚಹಾ ಕುಡಿದರೆ ಅದೂ ಹೋಯಿತು. ಎಲ್ಲರದೂ ಮುಗಿದ ಮೇಲೆ ತಳದ ಸಾರಲ್ಲಿ ಉಣ್ಣುವ ಮನೆಯಾಕೆಯ ತಟ್ಟೆಯನ್ನು ಯಾರು ನೋಡಿದ್ದಾರೆ?

ಗುಳಿಗೆ ಹಂಚಿದ ಲೆಕ್ಕ ಸಾಕು. ನುಂಗಿದ ಲೆಕ್ಕ ಕೊಡಿ.