ಒಂದೇ ಪಂಕ್ತಿ, ಹೊಣೆ ಮಾತ್ರ ಯಾರದು?

ಹಿಂದೂಪುರ: ಕನ್ನಡದ ಮನೆಯಲ್ಲಿ ಮುದ್ದೆ, ತೆಲುಗು ಮನೆಯಲ್ಲಿ ಸಂಗಟಿ. ಹೆಸರು ಎರಡಾದರೂ ಹಿಟ್ಟು ರಾಗಿಯದೇ. 2022ರ ಏಪ್ರಿಲ್ 4ರಂದು ಜಿಲ್ಲೆ ಒಡೆದು ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಗೆರೆ ಎಷ್ಟು ಎಳೆದರೂ ಒಲೆ ಮೇಲಿನ ಎಸರು ಬದಲಾಗಿಲ್ಲ.

ಕೂಡಿ ಉಣ್ಣುವುದು ಈ ಸೀಮೆಗೆ ಹೊಸದೇನಲ್ಲ. ಮೊಹರಂ ಬಂತೆಂದರೆ ನಾರ್ಪಲ ಮಂಡಲದ ಗೂಗೂಡಿನಲ್ಲಿ ಕುಳ್ಳಾಯಪ್ಪ ಸ್ವಾಮಿಗೆ ಹಿಂದೂ-ಮುಸ್ಲಿಂ ಎನ್ನದೆ ಸಕ್ಕರೆ ಓದಿಸಿ ಹಂಚಿಕೊಳ್ಳುತ್ತಾರೆ. ಆದರೆ ಹಬ್ಬ ವರ್ಷಕ್ಕೊಮ್ಮೆ. ಎಲ್ಲ ಜಾತಿ, ಎರಡೂ ಭಾಷೆಯ ಮಕ್ಕಳನ್ನು ದಿನಾ ಒಂದೇ ಸಾಲಿನಲ್ಲಿ ಕೂರಿಸುವುದು ಸರ್ಕಾರಿ ಶಾಲೆಯ ಮಧ್ಯಾಹ್ನದ ಊಟ.

ಶಾಲೆಯಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2001ರ ನವೆಂಬರ್ 28ರಂದು. ಆಂಧ್ರದಲ್ಲಿ 2003ರ ಜನವರಿಯಲ್ಲಿ ಜಾರಿಯಾಯಿತು. ಅಡುಗೆ ಹೊಣೆ ಹೆಚ್ಚಾಗಿ ಬಿದ್ದದ್ದು ಡ್ವಾಕ್ರಾ ಮಹಿಳಾ ಸಂಘಗಳ ಮೇಲೆ. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದ್ಯತೆ ಕೊಡಿ ಎಂದು ಅದೇ ಕೋರ್ಟ್ 2004ರ ಏಪ್ರಿಲ್ 20ರಂದು ಹೇಳಿತು. ಅಸಲು ಪ್ರಶ್ನೆ ಇರುವುದು ಇಲ್ಲೇ. ಜೊತೆಗೆ ಕೂತು ಉಣ್ಣುವುದು ಸುಲಭ, ಯಾರು ಬೇಯಿಸಿದರು ಎಂದು ಕೇಳದೆ ಉಣ್ಣುವುದು ಕಷ್ಟ. ಒಂದು ಮನೆಯವರು ಮಗುವಿನ ಕೈಗೆ ಬೇರೆ ಡಬ್ಬಿ ಕೊಟ್ಟರೆ ಸಾಕು, ಪಂಕ್ತಿ ಅಲ್ಲೇ ಮುರಿಯಿತು. ಅದನ್ನು ಯಾವ ಆದೇಶವೂ ತಡೆಯಲಾರದು.

ರುಚಿಯ ವಿಷಯದಲ್ಲಿ ಎರಡೂ ಸರ್ಕಾರಗಳು ಒಂದೇ ದಾರಿ ಹಿಡಿದವು. ಶಾಲೆ ಮಕ್ಕಳಿಗೆ ವಾರಕ್ಕೆ ಮೂರು ದಿನ ರಾಗಿ ಜಾವ ಕೊಡಲು ಆಂಧ್ರ 2023ರ ಮಾರ್ಚ್‌ನಲ್ಲಿ ಶುರು ಮಾಡಿತು. ಕರ್ನಾಟಕ 2024ರ ಫೆಬ್ರವರಿಯಲ್ಲಿ ಹಾಲಿನ ಜೊತೆ ರಾಗಿ ಮಾಲ್ಟ್ ತಂದಿತು. ಮಡಕಶಿರಾ, ರೊಳ್ಳ, ಅಮರಾಪುರಂ ಕಡೆಯ ಕನ್ನಡ ಮನೆಗಳಿಗೆ ಇದು ತಾತನ ಕಾಲದ ಅಂಬಲಿಯೇ. ಬಡವರ ತಿಂಡಿ ಎಂದು ಮೂಗು ಮುರಿದವರ ಮಕ್ಕಳೂ ಈಗ ಲೋಟ ಹಿಡಿದರು.

ಉಳಿದದ್ದು ಊರಿನವರ ಕೆಲಸ. ಸಂಘದ ಬಿಲ್ಲು ತಡವಾದರೆ ಅಕ್ಕಂದಿರು ಅಂಗಡಿಯಲ್ಲಿ ಸಾಲ ಹೇಳಬೇಕು. ಆಗ ಸಾಂಬಾರು ತೆಳ್ಳಗಾಗುತ್ತದೆ, ದೂರು ಮಾತ್ರ ಅಡುಗೆಯವರ ಮೇಲೆ. ಬಿಲ್ಲಿನ ಬಗ್ಗೆ ಪೋಷಕರ ಸಮಿತಿಯೇ ಮಂಡಲ ಕಚೇರಿಗೆ ಹೋಗಿ ಕೇಳಬೇಕು. ಹೊಲದಲ್ಲಿ ಸೊಪ್ಪು, ತರಕಾರಿ ಇದ್ದವರು ಒಂದು ಹಿಡಿ ಕೊಡಬಹುದು. ತಿಂಗಳಿಗೊಮ್ಮೆ ದೊಡ್ಡವರೂ ಅದೇ ಸಾಲಿನಲ್ಲಿ ಕೂತು, ಅದೇ ಕೈಯ ಅಡುಗೆ ಉಂಡರೆ ಮಕ್ಕಳಿಗೆ ಬೇರೆ ಪಾಠ ಬೇಡ. ಮನಸ್ಸು ಕೂಡದೆ ಎಲೆ ಹಾಕಿದರೆ ಏನು ಬಂತು?